ನೂರಕ್ಕೆ ನೂರು

ಕ್ಷೌರದಂಗಡಿಯವನಿಗೆ ಟ್ರಿಮ್ಮರಿನ ಹಸಿರು ದೀಪ ಕಾಣದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಒಂದು ಗಡ್ಡ ಸವರಿದನೋ ಇಲ್ಲವೋ, ಓಡಿಹೋಗಿ ಅದನ್ನು ಚಾರ್ಜಿಗೆ ಸಿಕ್ಕಿಸುತ್ತಿದ್ದ. ತುಂಬಿದ ಮೇಲೂ ತೆಗೆಯುತ್ತಿರಲಿಲ್ಲ. ಇವತ್ತಂತೂ ಮಗಳು ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ಅವನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕುರ್ಚಿಯಲ್ಲಿದ್ದ ಭಾವಮೈದುನನ ತಲೆ ಅರ್ಧ ಆಗಿತ್ತಷ್ಟೆ, ಟ್ರಿಮ್ಮರ್ ಗುಂಯ್ ಎಂದು ನರಳಿ ನಿಂತೇಹೋಯಿತು.

"ಬೆಳಗ್ಗೆಯಿಂದ ಚಾರ್ಜಲ್ಲೇ ಇತ್ತು ಕಣೋ!"

"ಅದಕ್ಕೇ ಭಾವ, ಈ ಗತಿ. ಯಾವಾಗ್ಲೂ ಪೂರ್ತಿ ತುಂಬಿಸಿಟ್ರೆ ಬ್ಯಾಟರಿಗೆ ಬೇಗ ವಯಸ್ಸಾಗುತ್ತೆ. ಮುಕ್ಕಾಲು ತುಂಬಿದ್ರೆ ಸಾಕು, ತೆಗೆದುಬಿಡಿ. ಸ್ವಲ್ಪ ಅದರ ಪಾಡಿಗೆ ಬಿಡಿ."

"ಆಯ್ತು ಮಾರಾಯ, ಬಿಡ್ತೀನಿ" ಎನ್ನುತ್ತಲೇ ಅವನ ಬೆರಳು ಚಾರ್ಜರಿನಿಂದ ಮೊಬೈಲು ಕಿತ್ತು ಮತ್ತೆ ಮಗಳ ನಂಬರ್ ಒತ್ತಿತು. ಆ ಕಡೆಯಿಂದ ಹೆಂಡತಿ ಸಿಡುಕಿದಳು.

"ಗಳಿಗೆಗೊಂದು ಸಲ ಫೋನ್ ಮಾಡಿ ಮಾಡಿ ಇವಳ ಮೊಬೈಲ್ ಚಾರ್ಜೇ ಖಾಲಿ ಮಾಡಿಬಿಟ್ರಲ್ಲ! ಕೇಳಿ ಇಲ್ಲಿ, ಈಗಷ್ಟೇ ಹೆರಿಗೆ ಆಯ್ತು. ಮಗು..."

ಮಾತು ಅಲ್ಲಿಗೇ ಕಡಿದುಹೋಯಿತು. ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಆ ಕಡೆಯ ಮೊಬೈಲು ಆರಿಹೋಗಿತ್ತು.

"ಏನಂತೆ ಭಾವ? ಗಂಡೋ, ಹೆಣ್ಣೋ?" ಅರ್ಧ ತಲೆಯ ಭಾವಮೈದುನ ಕನ್ನಡಿಯಲ್ಲೇ ಕೇಳಿದ.

ಭಾವನ ಕೈಯಲ್ಲಿದ್ದ ಮೊಬೈಲು ಮಾತ್ರ ನೂರಕ್ಕೆ ನೂರು ತುಂಬಿ ಹಸಿರಾಗಿ ಹೊಳೆಯುತ್ತಿತ್ತು.