ಪೆಟ್ಟಿಗೆ ಹಿಡಿದು ಒಂದು ಸುತ್ತು

ಶಪಥ ಮಾಡುವುದರಲ್ಲಿ ನನ್ನ ಅಕ್ಕ ಒಟಿಲಿಯಾ ಎತ್ತಿದ ಕೈ. ಪ್ರತಿ ಜನವರಿ ಒಂದರಂದು "ಇನ್ಮೇಲೆ ದಿನಾ ನಡೀತೀನಿ" ಎನ್ನುತ್ತಾಳೆ. ನಾಲ್ಕರಂದು ನೋಡಿದರೆ ಬಾಗಿಲ ಮುಂದಿನ ತೂಗುಕುರ್ಚಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿರುತ್ತಾಳೆ. ನಮ್ಮ ಮೊಂಪೋಸ್ ನದಿ ದಂಡೆಯ ಸಪಾಟಾದ ಊರು. ಇಲ್ಲಿ ಮಂಡಿಗೆ ಕೆಲಸವೇ ಇಲ್ಲ.

ಆದರೆ ಅವಳ ಮಗಳು ಯಾದಿರಾ ಇರುವುದು ಮೆದೆಯಿನ್ ನಗರದ ಗುಡ್ಡದ ಮೇಲೆ. ರಸ್ತೆಯಿಂದ ಮನೆಗೆ ಇನ್ನೂರ ಮೂವತ್ತೆಂಟು ಮೆಟ್ಟಿಲು. ಅಕ್ಟೋಬರಿನಲ್ಲಿ ಮೊಮ್ಮಗಳು ಹುಟ್ಟಿದಾಗ ನೋಡಲು ಹೋದ ಅಕ್ಕ ನಲವತ್ತನೇ ಮೆಟ್ಟಿಲಲ್ಲೇ ಕುಸಿದು ಕೂತಳು. ಅಳಿಯನ ಗೆಳೆಯರು ಕುರ್ಚಿ ತಂದು, "ಕೂತ್ಕೊಳ್ಳಿ ಅಜ್ಜಿ, ಹೊತ್ಕೊಂಡು ಹೋಗ್ತೀವಿ" ಎಂದರು. ಅಷ್ಟೇ, ಅಕ್ಕ ಧುಮುಗುಡುತ್ತ ವಾಪಸು ಬಸ್ಸು ಹತ್ತಿದಳು. ಮಗುವನ್ನು ಕೆಳಗೆ ತಂದು ತೋರಿಸುತ್ತೇವೆಂದರೂ ಕೇಳಲಿಲ್ಲ. "ನನ್ನ ಕಾಲಲ್ಲೇ ಹತ್ತಿ ನೋಡ್ತೀನಿ, ಇಲ್ದಿದ್ರೆ ಇಲ್ಲ!" ಆಮೇಲೆ ಮನೆಯಲ್ಲಿ ಒಬ್ಬಳೇ ಅತ್ತಳು. ಪಕ್ಕದ ಮನೆಯಲ್ಲಿರುವ ನನಗೆ ಗೋಡೆಯಾಚೆ ಕೇಳಿಸುತ್ತಿತ್ತು. ಚರ್ಚಿನಲ್ಲಿ ಮಗುವಿನ ಜ್ಞಾನಸ್ನಾನ ಆಗಸ್ಟಿಗೆ ಎಂದು ಗೊತ್ತಾಯಿತು.

ಹೊಸ ವರ್ಷ ಕಾಲಿಡುತ್ತಲೇ ನಾವು ಬೀದಿಯವರೆಲ್ಲ ಖಾಲಿ ಪೆಟ್ಟಿಗೆ ಹಿಡಿದು ಕೇರಿಗೆ ಒಂದು ಸುತ್ತು ಹಾಕುತ್ತೇವೆ. ಹಾಕಿದವರಿಗೆ ಆ ವರ್ಷ ಪ್ರಯಾಣದ ಯೋಗ. ಅಕ್ಕನೂ ಅಪ್ಪನ ಹಳೇ ಚರ್ಮದ ಪೆಟ್ಟಿಗೆ ಹಿಡಿದು ಹೊರಟಳು. ಅರ್ಧ ದಾರಿಯಲ್ಲಿ ಗೆಳತಿ ಪ್ರಾಕ್ಸೆದಿಸಳ ಜಗಲಿ ಕಂಡಿತು, ಕೂತುಬಿಟ್ಟಳು. ಬರೀ ಕೂತಳೇ? ಎರಡು ಬಟ್ಟಲು ತೆಂಗಿನ ಸಿಹಿ ಬೇರೆ ಹೊಡೆದಳು.

ಮರುದಿನ ನಾನು ಮುಖ ಸಪ್ಪಗೆ ಮಾಡಿಕೊಂಡು ಹೋದೆ. "ಅಕ್ಕಾ, ಕೆಲಸ ಕೆಟ್ಟಿತು ಕಣೇ. ನಡುವೆ ಕೂತವರ ಪ್ರಯಾಣಾನೂ ನಡುವೇನೇ ಕೂತ್ಬಿಡತ್ತಂತೆ."

"ಯಾರು ಹೇಳಿದ್ದು?"

"ನಮ್ಮಜ್ಜಿ ಹೇಳ್ತಿದ್ಲು" ಎಂದೆ ಕಿವಿ ಕೆರೆದುಕೊಳ್ಳುತ್ತ. "ಪರಿಹಾರ ಇದೆ. ಹೊರಡೋ ದಿನದವರೆಗೂ ದಿನಾ ಬೆಳಿಗ್ಗೆ ಪೆಟ್ಟಿಗೆ ಹಿಡಿದು ಒಂದು ಸುತ್ತು. ಒಂದು ದಿನಾನೂ ತಪ್ಪಬಾರ್ದು."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟಳು.

ಬೀದಿಗೆ ಇದಕ್ಕಿಂತ ಮಜಾ ಇನ್ನೇನು ಬೇಕು? "ಇವತ್ತು ಯಾವೂರಿಗೆ ಸವಾರಿ?" ಎಂದು ಪ್ರಾಕ್ಸೆದಿಸ್ ಕಿಟಕಿಯಿಂದ ಕೂಗುತ್ತಿದ್ದಳು. "ಪ್ಯಾರಿಸ್ಸಿಗೆ! ನಿನಗೇನು ತರ್ಲಿ, ಹಲ್ಲಿನ ಸೆಟ್ಟಾ?" ಎನ್ನುತ್ತಿದ್ದಳು ಅಕ್ಕ. ಒಂದು ದಿನ ಜಡಿಮಳೆ, ಅಕ್ಕ ಹೊರಡಲಿಲ್ಲ. ಪ್ರಾಕ್ಸೆದಿಸ್ ಬಿಡುವವಳೇ? "ವಿಮಾನ ಕ್ಯಾನ್ಸಲ್ಲೇನೇ?" ಎಂದು ಇಡೀ ಬೀದಿಗೆ ಕೇಳುವಂತೆ ಅರಚಿದಳು. ಅಕ್ಕ ಅವಳಿಗೆ ಮನಸಾರೆ ಬೈದು, ಕೊಡೆ ಬಿಚ್ಚಿ ಹೊರಬಿದ್ದಳು. ಮಾರ್ಚ್ ಹೊತ್ತಿಗೆ ಯಾರೂ ಕೂಗಬೇಕಾಗಿರಲಿಲ್ಲ. ಹಲ್ಲುಜ್ಜುವುದು, ಸುತ್ತು ಹಾಕುವುದು, ಕಾಫಿ, ಆಮೇಲೆ ಮಾತು. ಒಂದು ಸುತ್ತು ಎರಡಾಯಿತು, ಮೂರಾಯಿತು.

ನನ್ನ ಕೈ ಸುಮ್ಮನಿರಬೇಕಲ್ಲ! ಹದಿನೈದು ದಿನಕ್ಕೊಮ್ಮೆ ಹೊಳೆಯ ಕಲ್ಲೊಂದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಅಸ್ತರಿನೊಳಗೆ ತೂರಿಸುತ್ತಿದ್ದೆ. ಕಾಲು ಗಟ್ಟಿಯಾಗಲಿ ಎಂಬುದು ಒಂದು ಕಾರಣ. ಅವಳು ಕೈ ಬದಲಿಸುತ್ತ "ಥೂ, ಈ ಚರ್ಮ ನೀರು ಕುಡಿದು ಭಾರ ಆಗಿದೆ" ಎಂದು ಗೊಣಗುವುದನ್ನು ಕೇಳಿ ಒಳಗೊಳಗೇ ನಗುವುದು ಇನ್ನೊಂದು. ಎರಡನೆಯದೇ ದೊಡ್ಡದು, ಸುಳ್ಳೇಕೆ ಹೇಳಲಿ.

ಆಗಸ್ಟ್ ಬಂತು. ನಾನು ದಾರಿಯ ಬುತ್ತಿ ಕಟ್ಟುತ್ತಿದ್ದಾಗ ಅಕ್ಕನೇ ಇಬ್ಬರ ಸಾಮಾನೂ ತುಂಬಿದಳು. ಬಸ್ಸಿನವನು ನನ್ನ ಚೀಲ ಮೇಲೇರಿಸುವಾಗ ಮುಖ ಸಿಂಡರಿಸಿದ. ಅಕ್ಕ ಮಗಳಿಗೆ ಚೀಸು ತುಂಬಿದ್ದಾಳೆ ಎಂದುಕೊಂಡೆ.

ಮೆಟ್ಟಿಲ ಬುಡದಲ್ಲಿ ಅಕ್ಕ ಶಿಲುಬೆ ಗುರುತು ಹಾಕಿಕೊಂಡು, ಪೆಟ್ಟಿಗೆ ಹಿಡಿದು ಏರತೊಡಗಿದಳು. ನಲವತ್ತನೇ ಮೆಟ್ಟಿಲು ಬಂದಾಗ ನಾನು ಕತ್ತೆತ್ತಿ ಅವಳನ್ನೇ ನೋಡಿದೆ. ಅವಳು ನಿಲ್ಲಲಿಲ್ಲ, ಅದನ್ನು ತಿರುಗಿಯೂ ನೋಡಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಆದರೆ ಚೀಲದ ಭಾರಕ್ಕೆ ನನ್ನ ತೋಳು ಬಿದ್ದುಹೋಗುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ತೊಂಬತ್ತರಲ್ಲಿ ದೊಪ್ಪನೆ ಕೂತೆ. ಅಳಿಯನ ಗೆಳೆಯರು ಅದೇ ಕುರ್ಚಿ ಹಿಡಿದು ಓಡಿ ಬಂದರು. "ಕೂತ್ಕೊಳ್ಳಿ ಅಜ್ಜಿ."

ಕುರ್ಚಿಯಲ್ಲಿ ತೂಗಾಡುತ್ತ ಮೇಲೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಮಗು ಅವಳ ಮೂಗು ಹಿಡಿದು ಎಳೆಯುತ್ತಿತ್ತು. ಯಾದಿರಾ ಅಳುತ್ತಲೂ ನಗುತ್ತಲೂ ಇದ್ದಳು. ನಾನು ಚೀಸು ತೆಗೆಯಲು ಚೀಲ ಬಿಚ್ಚಿದೆ. ಒಳಗೆ ಹದಿನೈದು ಕಲ್ಲು, ನಾನು ಸುತ್ತಿದ ಬಟ್ಟೆಯಲ್ಲೇ.

"ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲನೇ ಕಲ್ಲಿಗೇ. ಅಜ್ಜಿ ಮಾತು ಸುಳ್ಳು ಅಂತ ಅದಕ್ಕೂ ಮೊದಲೇ. ಸುಳ್ಳು ಹೇಳುವಾಗ ನೀನು ಕಿವಿ ಕೆರ್ಕೋತೀಯ, ಆರು ವರ್ಷದವಳಿದ್ದಾಗಿಂದ."

"ಮತ್ತೆ ಯಾಕೆ ನಡೆದೆ?"

"ನನ್ನ ಮಾತನ್ನ ನಾನೇ ನಂಬ್ತಿರ್ಲಿಲ್ಲ ಕಣೇ. ನಿನ್ನ ಸುಳ್ಳೇ ವಾಸಿ ಅನ್ನಿಸ್ತು."

ಮರುದಿನ ಬೆಳಕು ಹರಿಯುವಾಗ ಯಾರೋ ನನ್ನ ಹೊದಿಕೆ ಎಳೆದರು. ಅಕ್ಕ. ಕೈಯಲ್ಲಿ ಅಪ್ಪನ ಪೆಟ್ಟಿಗೆ.

"ಏಳೇ. ನೀನು ನಿನ್ನೆ ನಡುವೆ ಕೂತೆ. ಕೂತವರಿಗೇನು ಪರಿಹಾರ ಅಂತ ಅಜ್ಜಿ ಹೇಳಿಲ್ವಾ?"

ನಾನು ಗೊಣಗುತ್ತ ಪೆಟ್ಟಿಗೆ ತೆಗೆದುಕೊಂಡೆ. ಒಳಗೆ ಒಂದು ಕಲ್ಲು ಗಡಗಡ ಉರುಳಿತು.