ಸೋಮವಾರದ ಮೆಣಸಿನಕಾಯಿ

ಸುಂಬರ್‌ಕೆಲೋರ್ ಜಿಲ್ಲೆಯ ಅರ್ಥವ್ಯವಸ್ಥೆ ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೆಣಸಿನಕಾಯಿ ಮಾರುವ ಬು ಕಾರ್ಸಿನಾಳ, ಅಂದರೆ ಕಾರ್ಸಿನಾ ಅಮ್ಮನ, ಬಿದಿರು ಮೊರದಲ್ಲಿ ಬಂದು ಕೂರುತ್ತಿತ್ತು. ಅಂಕಿಅಂಶ ಕಚೇರಿಯ ವಿನಾರ್ನಿ ಬಂದು, “ಇವತ್ತು ಹೇಗೆ ಬು, ಮೆಣಸಿನಕಾಯಿ?” ಎನ್ನುವಳು. ಕಾರ್ಸಿನಾ ಇದ್ದದ್ದನ್ನು ಇದ್ದ ಹಾಗೆ ಹೇಳುವಳು. ವಿನಾರ್ನಿ ಟ್ಯಾಬಿನಲ್ಲಿ ಒತ್ತಿಕೊಂಡು ಹೋಗುವಳು. ಹನ್ನೊಂದು ವರ್ಷದಿಂದ ಇಷ್ಟೇ. ಯಾವ ಅಂಗಡಿಯ ದರ ಬರೆದುಕೊಳ್ಳುತ್ತಾರೆ ಎಂಬುದು ಸರ್ಕಾರದ ಗುಟ್ಟು. ಮಾರುಕಟ್ಟೆಗೆಲ್ಲ ಗೊತ್ತಿತ್ತು, ಜಿಲ್ಲಾ ಕಚೇರಿಗೊಂದು ಗೊತ್ತಿರಲಿಲ್ಲ.

ಜಕಾರ್ತದವರು ವಾರವಾರವೂ ಜಿಲ್ಲೆ ಜಿಲ್ಲೆಯನ್ನು ಆಳುವ ಬುಪಾತಿಗಳನ್ನು ಪರದೆಯ ಮುಂದೆ ಕೂರಿಸಿ, ಬೆಲೆ ಏರಿದ ಜಿಲ್ಲೆಯ ಹೆಸರನ್ನು ಕೆಂಪಕ್ಷರದಲ್ಲಿ ತೋರಿಸತೊಡಗಿದ ಮೇಲೆ ಕೆಲಸ ಕೆಟ್ಟಿತು. ಸುಂಬರ್‌ಕೆಲೋರ್ ಮೂರು ವಾರ ಕೆಂಪಾಯಿತು. ಬುಪಾತಿ ಆರ್ಥಿಕ ವಿಭಾಗದ ಮುಖ್ಯಸ್ಥ, ಊರವರು ಪಾಕ್, ಅಂದರೆ ಸಾಹೇಬರು, ಎನ್ನುವ ದಾರ್ಮಾಜಿಯನ್ನು ಕರೆಸಿ ಉಗಿದರು. ದಾರ್ಮಾಜಿ ಹುಡುಕುತ್ತ ಹುಡುಕುತ್ತ ಕಾರ್ಸಿನಾಳ ಅಂಗಡಿಗೆ ಬಂದು ನಿಂತ. ಕೈಯಲ್ಲಿ ತಿಂಡಿಯ ಡಬ್ಬಿ, ಮುಂದೆ ಅಂಗಿಯ ಗುಂಡಿಗಳು ಪ್ರಾಣ ಹಿಡಿದುಕೊಂಡಿದ್ದ ಹೊಟ್ಟೆ.

“ಬು, ಎಂಬತ್ತೈದು ಸಾವಿರ ರುಪಿಯಾ ಅಂತ ಹೇಳಿದ್ದು ನೀವೇನಾ?”

“ನಾನೇ. ಕಿಲೋಗೆ ಅಷ್ಟಿತ್ತು, ಹೇಳ್ದೆ.”

“ನಾಲ್ಕೂವರೆ ಲಕ್ಷ ಜನರ ಮರ್ಯಾದೆ ನಿಮ್ಮ ನಾಲಿಗೆ ಮೇಲಿದೆ, ಬು.”

“ನಾಲಿಗೆ ಮೇಲೆ ಮೆಣಸಿನಕಾಯಿ ಇಟ್ರೆ ಖಾರವೇ ಆಗೋದು, ಪಾಕ್,” ಎಂದು ಪಕ್ಕದಲ್ಲಿ ಸೋಯಾಕಾಳಿನ ತೆಂಪೆ ಮಾರುವ ಪೈನೆಮ್ ಯಾರೂ ಕೇಳದಿದ್ದರೂ ಹೇಳಿದಳು.

ಸುಳ್ಳು ಹೇಳೆಂದರೆ ಕಾರ್ಸಿನಾ ಒಪ್ಪಲಿಲ್ಲ. ಹಾಗಾಗಿ ದಾರ್ಮಾಜಿ ಸತ್ಯವನ್ನೇ ಬದಲಾಯಿಸಿದ. ಮುಂದಿನ ಸೋಮವಾರ ಎಂಟೂ ಮುಕ್ಕಾಲಿಗೆ ಸರ್ಕಾರಿ ವ್ಯಾನಿನಲ್ಲಿ ಮೆಣಸಿನಕಾಯಿ ಮೂಟೆ ಬಂತು. ಒಂಬತ್ತರಿಂದ ಒಂಬತ್ತೂವರೆಯವರೆಗೆ ಕಿಲೋಗೆ ಮೂವತ್ತು ಸಾವಿರ ರುಪಿಯಾ. ವಿನಾರ್ನಿ ಬಂದಳು, ನೋಡಿದಳು, ಮೂವತ್ತೆಂದು ಬರೆದಳು. ಒಂಬತ್ತೂವರೆಗೆ ಗಂಟೆ ಬಾರಿಸಿದರು. ಒಂಬತ್ತು ಮೂವತ್ತೊಂದಕ್ಕೆ ಮೆಣಸಿನಕಾಯಿ ಮತ್ತೆ ಎಂಬತ್ತೈದಕ್ಕೆ ಹತ್ತಿ ಕೂತಿತು. ಜಿಲ್ಲೆ ಹಸಿರಾಯಿತು, ಬುಪಾತಿಗೆ ಗಾಜಿನ ಫಲಕ ಸಿಕ್ಕಿತು.

ಅಲ್ಲಿಂದ ಕಾರ್ಸಿನಾಳಿಗೆ ರಾಜೋಪಚಾರ. ಹೊಸ ಛತ್ರಿ, ಫ್ಯಾನು, ವಾರಕ್ಕೊಮ್ಮೆ ರಕ್ತದೊತ್ತಡ ನೋಡಲು ನರ್ಸು. ಅವಳು ಕೆಮ್ಮಿದರೆ ದಾರ್ಮಾಜಿಯ ಮುಖ ಬಾಡುತ್ತಿತ್ತು. “ಏನವ್ವಾ ರಿಸರ್ವ್ ಬ್ಯಾಂಕು, ಸ್ವಲ್ಪ ಸರಿದು ಕೂತ್ಕೋ, ನನ್ನ ತೆಂಪೆಗೂ ಗಾಳಿ ಬರ್ಲಿ,” ಎಂದು ಪೈನೆಮ್ ಚುಚ್ಚುವಳು.

ಇಷ್ಟರಲ್ಲಿ ಕಾರ್ಸಿನಾಳ ಒಬ್ಬಳೇ ಮಗಳು ಲಾಸ್ಮಿಗೆ ಏಳು ತಿಂಗಳಾಯಿತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು. ಊರವರಿಗೆ ಒಳ್ಳೆಯ ದಿನ ಎಣಿಸಿ ಕೊಡುವ ಅಜ್ಜ ಬೆರಳು ಮಡಚಿ ಮಡಚಿ, ಏಳು ತಿಂಗಳ ಶಾಸ್ತ್ರಕ್ಕೆ ಕೂಡಿಬರುವುದು ಒಂದೇ ದಿನ, ಸೋಮವಾರ, ಬೆಳಿಗ್ಗೆ ಎಂಟರ ಮೇಲೆ ಎಂದ. ಬಸುರಿಯ ತಲೆಗೆ ಏಳನೆಯ ತಂಬಿಗೆ ನೀರು ಹಾಕಬೇಕಾದವಳು ಹೆತ್ತ ತಾಯಿ.

“ಪಾಕ್, ಬರೋ ಸೋಮವಾರ ನಾನಿರಲ್ಲ.”

ದಾರ್ಮಾಜಿ ತಿನ್ನುತ್ತಿದ್ದ ಬಾಳೆಹಣ್ಣು ಗಂಟಲಲ್ಲೇ ನಿಂತಿತು. “ರಜಾನಾ? ಹಣದುಬ್ಬರಕ್ಕೆಲ್ಲಿಯ ರಜಾ, ಬು? ನೀವಿಲ್ದಿದ್ರೆ ಅಂಕಿಅಂಶದವರು ಎದುರು ಸಾಲಿನ ಆ ಹಾಜಿ ಮಾರ್ದಿಯ ಅಂಗಡಿಗೆ ಹೋಗ್ತಾರೆ. ಆತ ಹಟಕ್ಕೆ ಬಿದ್ದು ನಿಜ ಹೇಳ್ತಾನೆ!”

ಅವನು ಸರ್ಕಾರಿ ಮೊಹರಿನ ಪತ್ರ ಹಿಡಿದು, ದಿನ ಬದಲಿಸಿ ಎಂದು ಅಜ್ಜನ ಮನೆಗೇ ಹೋದ. ಅಜ್ಜ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ, “ಹೊಟ್ಟೇಲಿರೋ ಮಗೂಗೆ ಓದೋಕೆ ಬರಲ್ಲಪ್ಪಾ,” ಎಂದು ವಾಪಸು ಕೊಟ್ಟ. ಆ ಒಂದು ವಾರದ ಮಟ್ಟಿಗೆ ಜಿಲ್ಲೆಯಲ್ಲಿ ಮಂಗಳವಾರವನ್ನು ಸೋಮವಾರವೆಂದು ಪರಿಗಣಿಸುವಂತೆ ಸುತ್ತೋಲೆ ಸಿದ್ಧವಾಯಿತು. ಶಾಲೆಗಳು ಒಪ್ಪಿದವು, ಜಕಾರ್ತ ಒಪ್ಪಲಿಲ್ಲ. ಕೊನೆಗೆ ದಾರ್ಮಾಜಿ ದನಿ ತಗ್ಗಿಸಿದ.

“ಮಾರುಕಟ್ಟೆ ರಿಪೇರಿ ಪಟ್ಟಿ ನನ್ನ ಮೇಜಿನ ಮೇಲಿದೆ, ಬು. ಸೋಮವಾರ ಈ ಜಾಗ ಖಾಲಿ ಇದ್ರೆ, ಮಂಗಳವಾರದಿಂದ ನೀವು ಹಿಂದುಗಡೆ ಕೋಳಿ ಕುಯ್ಯೋ ಸಾಲಲ್ಲಿ.”

ಆ ಜಾಗ ಅವಳ ತಾಯಿ ಕೂತು ಮಾರಿದ ಜಾಗ. ಹಿಂದಿನ ಸಾಲಿಗೆ ಹೋದವರ ಹತ್ತಿರ ನೊಣ ಬಿಟ್ಟರೆ ಗಿರಾಕಿ ಹೋಗುವುದಿಲ್ಲ. ಕಾರ್ಸಿನಾ ಎರಡು ದಿನ ಅನ್ನ ಮುಟ್ಟಲಿಲ್ಲ. ಭಾನುವಾರ ಸಂಜೆ ಮೊರ ಕೊಡವಿ, ಮಿಕ್ಕಿದ್ದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿಕೊಂಡು, “ಕೋಳಿ ಜೊತೇಲೇ ಕೂರ್ತೀನಿ ಬಿಡು,” ಎಂದು ಪೈನೆಮ್‌ಗೆ ಹೇಳಿ ಮಗಳ ಮನೆಗೆ ಹೊರಟಳು.

ಸೋಮವಾರ ಏಳನೆಯ ತಂಬಿಗೆ ಅವಳದೇ ಆಯಿತು. ನೀರನ್ನು ನಿಧಾನಕ್ಕೆ ಸುರಿದಳು. ಲಾಸ್ಮಿ ಕಣ್ಣು ಮುಚ್ಚಿಕೊಂಡೇ, “ತಣ್ಣಗಿದೆ ಅಮ್ಮಾ, ಬೇಗ ಹಾಕು,” ಎಂದು ನಕ್ಕಳು. ಆಮೇಲೆ ರುಜಾಕ್ ಮಾರುವ ಶಾಸ್ತ್ರ. ಏಳು ಬಗೆ ಹಣ್ಣು ಹೆಚ್ಚಿ, ಬೆಲ್ಲ ಮೆಣಸಿನಕಾಯಿ ಅರೆದು ಕಲಸಿದ್ದನ್ನು ಬಸುರಿ ಅಂಗಳದಲ್ಲಿ ಕೂತು ಮಾರುತ್ತಾಳೆ, ಗಂಡ ಛತ್ರಿ ಹಿಡಿಯುತ್ತಾನೆ. ಬಂದವರು ದುಡ್ಡು ಕೊಡುವಂತಿಲ್ಲ, ಒಡೆದ ಮಡಕೆಯ ಬೋಕಿ ಕೊಟ್ಟು ಕೊಳ್ಳಬೇಕು. ಕಾರ್ಸಿನಾ ಮಗಳ ಪಕ್ಕ ಕೂತು ಮೆಣಸಿನಕಾಯಿ ಅರೆಯುತ್ತಿದ್ದಳು.

ಒಂಬತ್ತಕ್ಕೆ ಸರಿಯಾಗಿ, ಪೈನೆಮ್ ಹೇಳಿದ ದಾರಿ ಹಿಡಿದು, ವಿನಾರ್ನಿಯ ಸ್ಕೂಟರು ಅಂಗಳಕ್ಕೆ ಬಂತು. “ವ್ಯಾಪಾರಿ ಎಲ್ಲಿ ಕೂತು ಮಾರ್ತಾರೋ ಅಲ್ಲೇ ದರ ಕೇಳ್ಬೇಕು ಅಂತ ನಿಯಮ, ಬು. ಮೆಣಸಿನಕಾಯಿ ಹೇಗೆ?”

“ಇವತ್ತು ಈ ಬುಟ್ಟೀಲಿ ಏನು ಕೇಳಿದ್ರೂ ಒಂದು ಬೋಕಿ, ಮಗಳೇ. ದುಡ್ಡಿನ ಮಾತಾಡಿದ್ರೆ ಮಗೂಗೆ ಒಳ್ಳೇದಲ್ಲ.”

“ಕಿಲೋ ಮೆಣಸಿನಕಾಯಿಗೂ?”

“ಎತ್ತೋಕಾದ್ರೆ ಚೀಲಾನೇ ತಗೊಂಡ್ಹೋಗು.”

ವಿನಾರ್ನಿ ಅಂಗಳದಿಂದ ಒಂದು ಬೋಕಿ ಹೆಕ್ಕಿ ಕೊಟ್ಟಳು, ಚೀಲ ಕೈಗೆ ಬಂತು. ವ್ಯವಹಾರ ನಡೆದದ್ದು ನಿಜ. ಟ್ಯಾಬಿಗೆ ಅಂಕಿ ಮಾತ್ರ ಗೊತ್ತು, ಬೋಕಿ ಗೊತ್ತಿಲ್ಲ. ‘ಒಂದು’ ಎಂದು ಒತ್ತಿದಳು. ಇಳಿಕೆಗೆ ಕಾರಣವೇನೆಂದು ಅದು ಕೇಳಿತು. ‘ಶಾಸ್ತ್ರ’ ಎಂದು ಬರೆದಳು. ದಾರ್ಮಾಜಿ ಸರ್ಕಾರಿ ಮೆಣಸಿನಕಾಯಿ ಮೂಟೆ ಹೊತ್ತು ಏದುಸಿರು ಬಿಡುತ್ತ ಬೇಲಿ ದಾಟುವಷ್ಟರಲ್ಲಿ ಅಂಕಿ ಜಕಾರ್ತ ಸೇರಿತ್ತು.

ಇಡೀ ದೇಶದಲ್ಲಿ ಅಂಥ ಇಳಿಕೆ ಯಾರೂ ಕಂಡಿರಲಿಲ್ಲ. ಪರದೆಯ ಮೇಲೆ ಸುಂಬರ್‌ಕೆಲೋರಿಗೆ ಎಷ್ಟು ಹಸಿರು ಬಳಿದರೆಂದರೆ ಅಕ್ಷರವೇ ಕಾಣಲಿಲ್ಲ. ಹನ್ನೊಂದು ಜಿಲ್ಲೆಗಳಿಂದ ಅಧ್ಯಯನ ತಂಡಗಳು ಹೊರಟವು. ಕೋಳಿ ಸಾಲಿನ ಮಾತು ಎತ್ತುವುದಿರಲಿ, ಕಾರ್ಸಿನಾಳ ಜಾಗಕ್ಕೆ ‘ಮಾದರಿ ಅಂಗಡಿ, ಕದಲಿಸಕೂಡದು’ ಎಂದು ಬುಪಾತಿಯೇ ಬಂದು ಹಲಗೆ ಹೊಡೆಸಿದರು.

ಮರುಸೋಮವಾರ ಅಂಗಡಿಯ ಮುಂದೆ ಬಸ್ ನಿಲ್ದಾಣದವರೆಗೆ ಸಾಲು. ಊರಿಗೆ ಊರೇ ಮನೆಯ ಮಡಕೆ ಒಡೆದುಕೊಂಡು ಬಂದಿತ್ತು. ಎಲ್ಲರಿಗಿಂತ ಮುಂದೆ ದಾರ್ಮಾಜಿ, ಕಚೇರಿಯ ಮೊಹರು ಬಿದ್ದ ಗೋಣಿಚೀಲದ ತುಂಬ ಬೋಕಿ.

“ಟೆಂಡರ್ ಕರೆದೇ ಒಡೆಸಿದ್ದು, ಬು. ಎಲ್ಲಾ ಒಂದೇ ಅಳತೆ. ಕೊಡಿ ಒಂದು ಕಿಲೋ.”

ಕಾರ್ಸಿನಾ ತಲೆಯ ಮೇಲಿನ ಹಲಗೆ ನೋಡಿದಳು. ಆಮೇಲೆ ದಾರ್ಮಾಜಿಯ ಹೊಟ್ಟೆ ನೋಡಿದಳು.

“ಬೋಕಿ ನಡೆಯೋದು ಬಸುರಿ ಇದ್ದ ಕಡೆ ಮಾತ್ರ, ಪಾಕ್. ನಿಮಗೆ ಎಷ್ಟು ತಿಂಗಳು?”

“ಒಂಬತ್ತು ತುಂಬಿದೆ ಕಣೇ, ಚಾಪೆ ಹಾಸು!” ಎಂದು ಪೈನೆಮ್ ಕೂಗಿದಳು. ಸಾಲು ಬಸ್ ನಿಲ್ದಾಣದವರೆಗೂ ನಕ್ಕಿತು.

ನಗು ಇಳಿಯುವ ಮುಂಚೆ ವಿನಾರ್ನಿ ಬಂದಳು. “ಇವತ್ತು ಹೇಗೆ ಬು, ಮೆಣಸಿನಕಾಯಿ?”

“ತೊಂಬತ್ತೆರಡು ಸಾವಿರ.”

ವಿನಾರ್ನಿ ಒತ್ತಿದಳು. ಬೆಲೆ ಶೇಕಡಾ ತೊಂಬತ್ತೊಂದು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರರಷ್ಟು ಏರಿದೆ, ಕಾರಣ ತಿಳಿಸಿ ಎಂದಿತು ಟ್ಯಾಬು. ದಾರ್ಮಾಜಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ವಿನಾರ್ನಿ ‘ಶಾಸ್ತ್ರ ಮುಗಿಯಿತು’ ಎಂದು ಬರೆದು ಕಳಿಸಿದಳು.