ಕರೆಂಟು ಕಾರಿಗೆ ಕೊಳವೆ ಯಾಕೆ?

ಕನ್ನಡಕದಂಗಡಿಯ ಹಳೆಯ ಕಾರು ಪೆಟ್ರೋಲ್ ಕುಡಿಯುವುದರಲ್ಲಿ ಮಾತ್ರ ಚುರುಕು. ಏರು ಕಂಡರೆ ಸಾಕು, ಕೆಮ್ಮುತ್ತ ನಿಂತುಬಿಡುತ್ತಿತ್ತು. ಅಂಗಡಿಯ ಗಂಡ ಹೆಂಡತಿಗೋ ಕಾರಿಲ್ಲದೆ ಕೆಲಸ ನಡೆಯದು. ಗಂಡ ಕಣ್ಣು ಪರೀಕ್ಷೆ ಮಾಡುವವನು. ವಾರಕ್ಕೊಮ್ಮೆ ದೂರದ ಊರುಗಳಿಗೆ ಹೋಗಿ ಜನರ ಕಣ್ಣು ನೋಡಿ ಬರುತ್ತಿದ್ದ. ಹೆಂಡತಿ ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವಳು. ಹಾಗಾಗಿ ಬೀದಿಯವರೆಲ್ಲ ಅವಳನ್ನು ಗಾಜಕ್ಕ ಎಂದೇ ಕರೆಯುತ್ತಿದ್ದರು.

ಗಂಡನ ಮನಸ್ಸೆಲ್ಲ ಕರೆಂಟು ಕಾರಿನ ಮೇಲೆ. ಗಾಜಕ್ಕನಿಗೆ ಒಂದೇ ಭಯ, ನಟ್ಟನಡು ದಾರಿಯಲ್ಲಿ ಚಾರ್ಜ್ ಮುಗಿದರೆ ಯಾರನ್ನು ಕೂಗುವುದು? ಈ ಮಾತು ಶುರುವಾದರೆ ತಟ್ಟೆಯಲ್ಲಿದ್ದ ಊಟ ಆರಿ ತಣ್ಣಗಾಗುತ್ತಿತ್ತು. ಕೊನೆಗೆ ಕಾರು ಮಾರುವವರು ಎರಡರ ನಡುವಿನ ಇನ್ನೊಂದು ಬಗೆ ತೋರಿಸಿದರು. ಅದರಲ್ಲಿ ಬ್ಯಾಟರಿಯೂ ಇದೆ, ಚಿಕ್ಕದೊಂದು ಪೆಟ್ರೋಲ್ ಎಂಜಿನ್ನೂ ಇದೆ. ಚಕ್ರ ತಿರುಗಿಸುವುದು ಕರೆಂಟೇ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿಯೇ ಶುರುವಾಗಿ ಕರೆಂಟು ತಯಾರಿಸಿಕೊಡುತ್ತದೆ, ಕಾರಿನ ಹೊಟ್ಟೆಯಲ್ಲೇ ಜನರೇಟರ್ ಇಟ್ಟ ಹಾಗೆ. ಗಾಜಕ್ಕನ ಭಯವೂ ಹೋಯಿತು, ಗಂಡನ ಆಸೆಯೂ ತೀರಿತು.

ಕಾರು ಮನೆಗೆ ಬಂದ ದಿನ ಗಾಜಕ್ಕನ ಅತ್ತೆ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಹಾಕಿದರು. ಅನುಮಾನ ಅವರ ಹುಟ್ಟುಗುಣ. ಹೊಸ ಬಲ್ಬು ತಂದರೂ ಇದು ಎಷ್ಟು ದಿನದ್ದು ಎಂದು ಕೇಳುವವರು. ಸುತ್ತಿ ಬಂದು ಕಾರಿನ ಹಿಂದೆ, ಹೊಗೆ ಬಿಡುವ ಕೊಳವೆಯ ಬಳಿ ನಿಂತರು.

"ಕರೆಂಟು ಕಾರು ಅಂತೀರಿ. ಮತ್ತೆ ಈ ಕೊಳವೆ ಯಾಕೆ?"

"ಅದು ಯಾವಾಗಲೋ ಒಂದ್ಸಲಕ್ಕೆ ಬೇಕಾಗುತ್ತೆ ಅಮ್ಮ. ನೀನು ತಲೆ ಕೆಡಿಸ್ಕೋಬೇಡ" ಎಂದು ಮಗ ನಕ್ಕ. ಗಾಜಕ್ಕನೂ ನಕ್ಕಳು. ಅತ್ತೆ ಮಾತ್ರ ನಗಲಿಲ್ಲ.

ಕಾರು ಬಂಗಾರದಂಥದ್ದೇ, ಸುಳ್ಳು ಹೇಳಬಾರದು. ರಾತ್ರಿ ಚಾರ್ಜ್ ಹಾಕಿದರೆ ಊರೊಳಗಿನ ಓಡಾಟಕ್ಕೆ ಒಂದು ಹನಿ ಪೆಟ್ರೋಲ್ ಬೇಡ. ದೂರ ಹೋದಾಗ ಬ್ಯಾಟರಿ ಇಳಿದರೂ ಎದೆ ಡವಡವ ಅನ್ನುತ್ತಿರಲಿಲ್ಲ. ಪಕ್ಕದ ಮನೆಯ ನರ್ಸಮ್ಮ ಮಾತ್ರ ಒಂದು ಮಾತು ಹೇಳಿದ್ದಳು. ಅವಳ ಆಸ್ಪತ್ರೆಯಲ್ಲೂ ಇಂಥದೇ ಒಂದು ಕಾರಿತ್ತಂತೆ. ಎಂಜಿನ್ ಇದೆಯಲ್ಲ ಎಂದು ಅಲ್ಲಿಯವರು ಚಾರ್ಜ್ ಹಾಕುವುದನ್ನೇ ಬಿಟ್ಟರು. ಆಮೇಲೆ ಅದು ಭಾರದ ಬ್ಯಾಟರಿ ಹೊತ್ತುಕೊಂಡು ಬರೀ ಪೆಟ್ರೋಲಿನಲ್ಲೇ ಓಡುತ್ತಿತ್ತಂತೆ. ಇದರಲ್ಲಿ ಬ್ಯಾಟರಿಯನ್ನೂ ನೋಡಿಕೊಳ್ಳಬೇಕು, ಎಂಜಿನ್ನಿನ ಎಣ್ಣೆಯನ್ನೂ ನೋಡಿಕೊಳ್ಳಬೇಕು, ಎರಡು ಸಂಸಾರ ಅದು ಎಂದಿದ್ದಳು. ತಾವು ದಿನಾ ಚಾರ್ಜ್ ಹಾಕುತ್ತೇವಲ್ಲ ಎಂದು ಗಾಜಕ್ಕ ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಹೊಗೆ ಬಿಡದ ಕಾರು ಎಂಬ ಧೈರ್ಯದಿಂದಲೇ ಅದನ್ನು ಅಂಗಡಿಯ ಹಿಂದೆ, ಓಣಿಯ ಕಡೆ ಶಟರಿದ್ದ ಕೋಣೆಯಲ್ಲಿ ನಿಲ್ಲಿಸುತ್ತಿದ್ದರು. ಗಾಜಕ್ಕ ಲೆನ್ಸ್ ಉಜ್ಜುವ ಕೋಣೆಯೂ ಅದೇ. ಲೆನ್ಸಿನ ಕೆಲಸಕ್ಕೂ ಧೂಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸಾಸಿವೆಗಿಂತ ಸಣ್ಣ ಕಣ ಕೂತರೂ ಗಾಜಿನ ಮೇಲೆ ಗೀರು ಬೀಳುತ್ತದೆ. ಅದಕ್ಕೇ ಅವಳು ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿದ್ದಳು, ಶಟರಿನ ಬುಡಕ್ಕೆ ಬಟ್ಟೆ ತುರುಕುತ್ತಿದ್ದಳು. ಅವಳ ಕೋಣೆಗೆ ಇರುವೆಯೂ ಅಪ್ಪಣೆ ಕೇಳಿ ಬರಬೇಕು ಎಂದು ಗಂಡ ತಮಾಷೆ ಮಾಡುತ್ತಿದ್ದ.

ಒಂದು ದಿನ ಬಸ್ ಡ್ರೈವರಣ್ಣನೊಬ್ಬ ಒಡೆದ ಕನ್ನಡಕ ಹಿಡಿದು ಬಂದ. ಮರುದಿನ ಬೆಳಿಗ್ಗೆ ಡ್ಯೂಟಿ, ಕನ್ನಡಕವಿಲ್ಲದೆ ಎದುರಿನ ಲಾರಿಯೂ ಕಾಣದು ಎಂದ. ಸಂಜೆಗೆ ಕೊಡುತ್ತೇನೆಂದು ಗಾಜಕ್ಕ ಮಾತು ಕೊಟ್ಟಳು. ಮಧ್ಯಾಹ್ನ ನೋಡಿದರೆ ಹಿಂದಿನ ದಿನ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಗಂಡನಿಗೆ ಉಪಾಯ ಹೊಳೆಯಿತು. ಕಾರಿನಿಂದ ಕರೆಂಟು ತೆಗೆಯಲು ಒಂದು ಸಾಕೆಟ್ ಇತ್ತು, ಅದಕ್ಕೇ ಉಜ್ಜುವ ಯಂತ್ರದ ವಯರು ಸಿಕ್ಕಿಸಿದ. ಯಂತ್ರ ಗಿರ್ರನೆ ತಿರುಗಿತು. ಇಬ್ಬರೂ ಮುಖ ಮುಖ ನೋಡಿ ಹಿಗ್ಗಿದರು. ಅವನು ಅಂಗಡಿಗೆ ಹೋದ. ಅವಳು ಧೂಳು ಬಾರದ ಹಾಗೆ ನಡುಬಾಗಿಲನ್ನೂ ಮುಚ್ಚಿಕೊಂಡಳು.

ಹಿಂದಿನ ದಿನ ದೂರದ ಊರಿಗೆ ಹೋಗಿ ಬಂದ ಕಾರು ಅದು, ಕರೆಂಟಿಲ್ಲದೆ ರಾತ್ರಿ ಚಾರ್ಜೂ ಆಗಿರಲಿಲ್ಲ, ಬ್ಯಾಟರಿ ಮೊದಲೇ ಇಳಿದಿತ್ತು. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿಯೇ ಶುರುವಾಯಿತು. ಯಂತ್ರದ ಸದ್ದಿನಲ್ಲಿ ಅದು ಗಾಜಕ್ಕನ ಕಿವಿಗೆ ಬೀಳಲಿಲ್ಲ. ಬಲಗಡೆಯ ಲೆನ್ಸ್ ಮುಗಿಯುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಬೆಳಿಗ್ಗೆಯಿಂದ ಕಣ್ಣು ನೆಟ್ಟು ಕೂತಿದ್ದಕ್ಕೆ ಹೀಗೆ ಎಂದುಕೊಂಡಳು. ಹೊಟ್ಟೆ ತೊಳಸಿತು. ಎಡಗಡೆಯ ಲೆನ್ಸ್ ಕೈಯಿಂದ ಜಾರಿತು. ಡ್ರೈವರಣ್ಣನಿಗೆ ಕೊಟ್ಟ ಮಾತು ನೆನಪಾಗಿ ಏಳಲು ಹೋದಳು, ಕಾಲು ಕೇಳಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದರೆ ಸರಿಹೋಗುತ್ತದೆ ಎಂದು ಮೇಜಿಗೆ ತಲೆ ಆನಿಸಿದಳು.

ಹಿಂದಿನ ಓಣಿಯಲ್ಲಿ ಅತ್ತೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಮುಚ್ಚಿದ ಶಟರಿನ ಒಳಗೆ ಕಾರು ಗುರ್ ಎನ್ನುತ್ತಿತ್ತು. ಎಲ್ಲಿಗೂ ಹೋಗದ ಕಾರು ಯಾಕೆ ಗುರುಗುಟ್ಟುತ್ತಿದೆ? ಸೊಸೆಯನ್ನು ಕೂಗಿದರು, ಉತ್ತರವಿಲ್ಲ. ಬಟ್ಟೆ ಅಲ್ಲೇ ಎಸೆದು, ಮಗನನ್ನು ಕೂಗುತ್ತಲೇ ಶಟರನ್ನು ಎರಡೂ ಕೈಯಿಂದ ಮೇಲೆತ್ತಿದರು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಮಗ ಓಡಿ ಬಂದು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಹೆಂಡತಿಯನ್ನು ಓಣಿಗೆ ಎಳೆದು ತಂದ. ಕೂಗು ಕೇಳಿ ಬಂದ ನರ್ಸಮ್ಮ ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಗಾಜಕ್ಕ ಚೇತರಿಸಿಕೊಂಡಳು. ಮನೆಗೆ ಬಂದಾಗ ಗಂಡ ಕಾರು ಮಾರಿಬಿಡುತ್ತೇನೆಂದು ಹಟ ಹಿಡಿದು ಕೂತಿದ್ದ. ವಯರು ಸಿಕ್ಕಿಸಿದ್ದು ನಾನೇ ಎಂದು ಹೇಳುವಾಗ ಅವನ ಕಣ್ಣು ತುಂಬಿತ್ತು.

ನರ್ಸಮ್ಮ ಅವನ ಪಕ್ಕ ಕೂತು ಹೇಳಿದಳು. "ಕಾರಿಂದೇನೂ ತಪ್ಪಿಲ್ಲಣ್ಣ. ಎಂಜಿನ್ ಓಡಿದ್ರೆ ಕೊಳವೆಯಿಂದ ವಿಷದ ಗಾಳಿ ಬಂದೇ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯುತ್ತೆ, ವಾಂತಿ ಬಂದ ಹಾಗಾಗುತ್ತೆ, ನಿದ್ದೆ ಎಳೆಯುತ್ತೆ. ಆಯಾಸ ಅಂದ್ಕೊಂಡು ಮಲಗಿದೋರು ಏಳಲ್ಲ."

"ಹೊಗೆ ಕಾಣಲಿಲ್ಲವಲ್ಲ" ಎಂದ ಅವನು.

"ಕಾಣದೇ ಇರೋದೇ ಅದರ ಅಪಾಯ."

ಗಾಜಕ್ಕ ಅತ್ತೆಯ ಕೈ ಹಿಡಿದುಕೊಂಡಳು. ಅವತ್ತು ನೀವು ಕೊಳವೆ ಯಾಕೆ ಅಂತ ಕೇಳಿದಾಗ ನಾವು ನಕ್ಕುಬಿಟ್ಟೆವು ಎಂದಳು.

"ನಾನು ಕಾರು ಬೇಡ ಅನ್ನೋಕೆ ಕೇಳಲಿಲ್ಲಮ್ಮ" ಎಂದರು ಅತ್ತೆ. "ಗೊತ್ತಿಲ್ಲ ಅಂತ ಕೇಳಿದೆ. ನಿಮಗೂ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಿರಲಿಲ್ಲ."

ಮರುದಿನವೇ ಗಂಡ ಕಾರು ಮಾರಿದವರ ಬಳಿ ಹೋಗಿ ಎಲ್ಲವನ್ನೂ ಕೇಳಿ ತಿಳಿದುಕೊಂಡು ಬಂದ. ಕಾರು ಮಾರಲಿಲ್ಲ. ಈಗ ಅದು ಓಣಿಯಲ್ಲಿ ತಗಡಿನ ಚಪ್ಪರದ ಕೆಳಗೆ, ನಾಲ್ಕೂ ಕಡೆ ಗಾಳಿಯಾಡುವ ಜಾಗದಲ್ಲಿ ನಿಲ್ಲುತ್ತದೆ. ಧೂಳು ಹಿಡಿಯುತ್ತದೆ, ಹಿಡಿಯಲಿ ಬಿಡಿ, ಒರೆಸಿದರಾಯಿತು. ಡ್ರೈವರಣ್ಣ ರಜೆ ಹಾಕಿ ಕಾದಿದ್ದ. ಅವನ ಎಡಗಡೆಯ ಲೆನ್ಸನ್ನು ಗಾಜಕ್ಕ ಟೇಪು ಕಿತ್ತ ಕಿಟಕಿಯ ಪಕ್ಕ ಕೂತು ಮುಗಿಸಿದಳು. ಮುಂದಿನ ವಾರ ದೂರದ ಊರಿಗೆ ಹೊರಟಾಗ ಅತ್ತೆ ತಾವೇ ಮುಂದಿನ ಸೀಟಿನಲ್ಲಿ ಕೂತರು.

ಓದುತ್ತಿರುವ ಅಕ್ಕ, ಅಣ್ಣ, ಇಂಥ ಕಾರು ಕೊಳ್ಳುವುದಾದರೆ ಸಂತೋಷವಾಗಿ ಕೊಳ್ಳಿ. ಆದರೆ ದಿನಾ ಚಾರ್ಜ್ ಹಾಕಿ, ಇಲ್ಲದಿದ್ದರೆ ಅದರ ಲಾಭ ನಿಮಗೆ ಸಿಗದು. ಎಂಜಿನ್ನನ್ನೂ ಮರೆಯದೆ ಸರ್ವೀಸ್ ಮಾಡಿಸಿ. ಮುಚ್ಚಿದ ಜಾಗದಲ್ಲಿ ಕಾರನ್ನು ಚಾಲೂ ಇಡಬೇಡಿ, ಅದರಿಂದ ಕರೆಂಟು ಎಳೆಯಬೇಡಿ. ಅಂಥ ಕಡೆ ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗಿನ ಗಾಳಿಗೆ ಕರೆತನ್ನಿ, ತಕ್ಷಣ ಆಂಬುಲೆನ್ಸ್ ಕರೆಸಿ. ಇವತ್ತೇ ನಿಮ್ಮ ಕಾರಿನ ಹಿಂದೆ ಹೋಗಿ ನಿಂತು ನೋಡಿ. ಕೊಳವೆ ಇದೆಯೇ? ಇದ್ದರೆ, ಅದು ಯಾಕೆ ಇದೆ ಎಂದು ಮನೆಯವರಿಗೆಲ್ಲ ಹೇಳಿ. ಯಾರಾದರೂ ಕೇಳುವ ತನಕ ಕಾಯಬೇಡಿ.